ಸಣ್ಣ ಕಡತಗಳ ದೊಡ್ಡ ಭಾರ: ಟೇಪ್ ಬ್ಯಾಕಪ್ಪಿನ ಏಳು ದಶಕಗಳು

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಅಮೆರಿಕಕ್ಕೆ ಬಂದ ಹೊಸತರಲ್ಲಿ, ಒಂದು ಸಂಸ್ಥೆಯ ಸರ್ವರ್ ಕೊಠಡಿಯಲ್ಲಿ ನಾನು ರಾತ್ರಿ ಪಾಳಿಯ ಕೆಲಸದಲ್ಲಿದ್ದೆ. ಅಲ್ಲಿ ಎರಡು ಸರ್ವರ್‌ಗಳಿದ್ದವು. ಒಂದರಲ್ಲಿ ದೊಡ್ಡದೊಂದು ಡೇಟಾಬೇಸ್. ಇನ್ನೊಂದರಲ್ಲಿ ಸ್ಕ್ಯಾನ್ ಮಾಡಿಟ್ಟ ರಸೀದಿಗಳು ಮತ್ತು ಪತ್ರಗಳು, ಅಂದರೆ ಲಕ್ಷಾಂತರ ಪುಟ್ಟ ಕಡತಗಳು. ಒಟ್ಟು ಗಾತ್ರದಲ್ಲಿ ಎರಡನೆಯದೇ ಚಿಕ್ಕದು. ಆದರೂ ಡೇಟಾಬೇಸಿನ ಬ್ಯಾಕಪ್ ನಡುರಾತ್ರಿಗೆ ಮೊದಲೇ ಮುಗಿಯುತ್ತಿತ್ತು. ಪುಟ್ಟ ಕಡತಗಳದ್ದು ಬೆಳಗಾದರೂ ಮುಗಿಯುತ್ತಿರಲಿಲ್ಲ. ಜನ ಕೆಲಸಕ್ಕೆ ಬರುವ ಹೊತ್ತಿಗೆ ಅದನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆವು. ಒಂದು ದಿನ ಯಾರದೋ ಕೈತಪ್ಪಿನಿಂದ ಒಂದು ಇಡೀ ಫೋಲ್ಡರ್ ಅಳಿಸಿಹೋಯಿತು. ಟೇಪುಗಳಲ್ಲಿ ಹುಡುಕಿದೆವು. ಪ್ರತಿ ರಾತ್ರಿಯೂ ಬ್ಯಾಕಪ್ ಆ ಫೋಲ್ಡರಿನವರೆಗೆ ತಲುಪುವ ಮೊದಲೇ ನಿಂತುಹೋಗಿತ್ತು. ಆ ಪತ್ರಗಳು ಮರಳಿ ಬರಲಿಲ್ಲ.

ಟೇಪ್ ಯಂತ್ರದಲ್ಲಿ ದೋಷವಿರಲಿಲ್ಲ. ಹಾಗಿದ್ದರೆ ಚಿಕ್ಕ ಹೊರೆಗೆ ಹೆಚ್ಚು ಕಾಲ ಏಕೆ ಬೇಕಾಯಿತು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದದ್ದು, ಇದು ನನ್ನೊಬ್ಬನ ಸಂಕಟವಲ್ಲ, ಮ್ಯಾಗ್ನೆಟಿಕ್ ಟೇಪಿನಷ್ಟೇ ಹಳೆಯದಾದ ಸಮಸ್ಯೆ ಎಂಬುದು. ನಮ್ಮ ಸದಸ್ಯ ಕುಟುಂಬಗಳಲ್ಲಿ ಇದೇ ಉದ್ಯೋಗದಲ್ಲಿರುವವರು ಅನೇಕರಿದ್ದಾರೆ. ಇತರರಿಗೂ ಇದರಲ್ಲಿ ಕಲಿಯುವುದಿದೆ ಎಂಬ ನಂಬಿಕೆಯಿಂದ ಈ ಲೇಖನ.

ಗಣಕಯಂತ್ರಗಳೊಡನೆ ಟೇಪಿನ ಸಂಬಂಧ ಬೆಳೆದದ್ದು ಈ ದೇಶದಲ್ಲೇ. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಒಪ್ಪಿಸಲಾದ ಯೂನಿವ್ಯಾಕ್ ಯಂತ್ರವು ಯೂನಿಸರ್ವೊ ಎಂಬ ಸಾಧನದಲ್ಲಿ ಲೋಹದ ಪಟ್ಟಿಯ ಮೇಲೆ ಮಾಹಿತಿಯನ್ನು ಬರೆಯುತ್ತಿತ್ತು. ಮರುವರ್ಷ ಐಬಿಎಂ ಸಂಸ್ಥೆಯು 726 ಎಂಬ ಟೇಪ್ ಯಂತ್ರವನ್ನು ಹೊರತಂದಿತು. ಅದರಲ್ಲಿದ್ದದ್ದು ಹಗುರವಾದ ಪ್ಲಾಸ್ಟಿಕ್ ಟೇಪು. ಕ್ಷಣಾರ್ಧದಲ್ಲಿ ಓಡಿ, ಕ್ಷಣಾರ್ಧದಲ್ಲಿ ನಿಲ್ಲುವಾಗ ಆ ಟೇಪು ಹರಿಯದಿರಲೆಂದು, ಗಾಳಿಯನ್ನು ಹೀರುವ ಕೊಳವೆಯಂಥ ಕಂಬಗಳಲ್ಲಿ ಅದನ್ನು ಸಡಿಲವಾಗಿ ತೂಗುಬಿಡುವ ಉಪಾಯವನ್ನು ಅದರ ಎಂಜಿನಿಯರುಗಳು ಕಂಡುಕೊಂಡಿದ್ದರು.

ಎಷ್ಟೇ ಚುರುಕಾಗಿ ನಿಂತರೂ ಟೇಪು ನಿಲ್ಲಲು ಮತ್ತು ಮತ್ತೆ ವೇಗ ಪಡೆಯಲು ಸ್ವಲ್ಪ ಜಾಗ ಬೇಕೇ ಬೇಕು. ಆದ್ದರಿಂದ ಬರೆದ ಎರಡು ತುಣುಕುಗಳ ನಡುವೆ ಒಂದು ಖಾಲಿ ಅಂತರವನ್ನು ಬಿಡಲಾಗುತ್ತಿತ್ತು. 1964ರಲ್ಲಿ ಬಂದ ಐಬಿಎಂ ಸಿಸ್ಟಮ್/360ರ ಕಾಲದ ಒಂಬತ್ತು ಸಾಲಿನ ಟೇಪಿನಲ್ಲಿ ಅಂಗುಲಕ್ಕೆ 800 ಅಕ್ಷರಗಳು ಹಿಡಿಯುತ್ತಿದ್ದವು. ತುಣುಕುಗಳ ನಡುವಣ ಅಂತರ 0.6 ಅಂಗುಲ. ಒಂದು ಪಂಚ್ ಕಾರ್ಡಿನ 80 ಅಕ್ಷರಗಳನ್ನು ಬರೆಯಲು ಬೇಕಾದದ್ದು 0.1 ಅಂಗುಲ ಮಾತ್ರ. ಒಂದೊಂದು ಕಾರ್ಡನ್ನೂ ಬೇರೆಬೇರೆಯಾಗಿ ಬರೆದರೆ ಟೇಪಿನ ಏಳು ಪಾಲಿನಲ್ಲಿ ಆರು ಪಾಲು ಬರಿದೇ! ಆ ಲೆಕ್ಕದಲ್ಲಿ 2,400 ಅಡಿಯ ಒಂದು ಸುರುಳಿಯಲ್ಲಿ ಹಿಡಿಯುವುದು ಸುಮಾರು 41 ಸಾವಿರ ಕಾರ್ಡು. ನೂರು ಕಾರ್ಡುಗಳನ್ನು ಒಂದೇ ಕಟ್ಟಾಗಿ ಕಟ್ಟಿ ಬರೆದರೆ ಅದೇ ಸುರುಳಿಯಲ್ಲಿ 2 ಲಕ್ಷ 70 ಸಾವಿರಕ್ಕೂ ಹೆಚ್ಚು ಕಾರ್ಡುಗಳಿಗೆ ಸ್ಥಳವಾಗುತ್ತದೆ. ಹೀಗೆ ಕಟ್ಟುವುದಕ್ಕೆ ‘ಬ್ಲಾಕಿಂಗ್’ ಎಂದು ಹೆಸರಾಯಿತು. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯನ್ನು ಟೇಪಿನವರು ತಮ್ಮದೇ ದಾರಿಯಲ್ಲಿ ಕಂಡುಕೊಂಡಿದ್ದರು.

1979ರ ಜನವರಿಯಲ್ಲಿ ಬೆಲ್ ಪ್ರಯೋಗಾಲಯವು ಹೊರತಂದ ಯೂನಿಕ್ಸಿನ ಏಳನೆಯ ಆವೃತ್ತಿಯಲ್ಲಿ ‘ಟಾರ್’ ಎಂಬ ಸಲಕರಣೆ ಸೇರಿತು. ಟೇಪ್ ಆರ್ಕೈವ್ ಎಂಬುದರ ಸಂಕ್ಷಿಪ್ತ ರೂಪವದು. ಅನೇಕ ಕಡತಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದರ ಮುಂದೆ ಅದರ ಹೆಸರು ಮತ್ತು ಗಾತ್ರ ಬರೆದ 512 ಬೈಟುಗಳ ಚೀಟಿಯೊಂದನ್ನು ಇಟ್ಟು, ಎಲ್ಲವನ್ನೂ ಒಂದೇ ಉದ್ದನೆಯ ಕಡತವನ್ನಾಗಿ ಮಾಡುವುದು ಅದರ ಕೆಲಸ. ಅಂಥ 20 ತುಣುಕುಗಳನ್ನು ಕೂಡಿಸಿ 10,240 ಬೈಟುಗಳ ಒಂದು ಕಟ್ಟಾಗಿ ಟೇಪಿಗೆ ಬರೆಯುವುದು ಮುಂದೆ ರೂಢಿಯಾಯಿತು. ಟೇಪನ್ನೇ ಕಾಣದ ಇಂದಿನ ಯುವಕರು ಅಂತರ್ಜಾಲದಿಂದ ತಂತ್ರಾಂಶ ಇಳಿಸಿಕೊಳ್ಳುವಾಗಲೂ ಟಾರ್ ಕಡತಗಳನ್ನೇ ಬಿಚ್ಚುತ್ತಾರೆ.

ಇಷ್ಟಾದರೂ ಸಮಸ್ಯೆ ತೀರಲಿಲ್ಲ. ಇನ್ನೊಂದು ರೂಪ ತಾಳಿತು. 1980ರ ದಶಕದಲ್ಲಿ ಅಗ್ಗದ, ಪುಟ್ಟ ಟೇಪ್ ಯಂತ್ರಗಳು ಬಂದವು. ಗಾಳಿಕಂಬಗಳಿಲ್ಲದ ಈ ಯಂತ್ರಗಳು ನಿಲ್ಲದೆ ಓಡುವಾಗ ಮಾತ್ರ ಚೆನ್ನಾಗಿ ಬರೆಯುತ್ತವೆ. ಬರೆಯಲು ಮಾಹಿತಿ ಸಿಗದೆ ಟೇಪು ನಿಲ್ಲಬೇಕಾದಾಗ ಅದು ನಿಲ್ಲಬೇಕಾದ ಸ್ಥಳವನ್ನು ದಾಟಿ ಮುಂದೆ ಹೋಗಿರುತ್ತದೆ. ಆಗ ಹಿಂದಕ್ಕೆ ಸುತ್ತಿಕೊಂಡು, ಮತ್ತೆ ವೇಗ ಪಡೆದು, ಬಿಟ್ಟ ಜಾಗದಿಂದ ಬರೆಯಬೇಕು. ಬೂಟಿಗೆ ಪಾಲಿಶ್ ಮಾಡುವವನ ಕೈಯ ಬಟ್ಟೆಯಂತೆ ಹಿಂದಕ್ಕೂ ಮುಂದಕ್ಕೂ ಆಡುವ ಈ ಓಟಕ್ಕೆ ಉದ್ಯೋಗದವರು ‘ಶೂ-ಶೈನಿಂಗ್’ ಎಂದೇ ಹೆಸರಿಟ್ಟರು. ಇದರಿಂದ ಕಾಲವೂ ವ್ಯರ್ಥ, ಟೇಪಿಗೂ ಸವೆತ.

ಮಾಹಿತಿ ಸಕಾಲಕ್ಕೆ ಸಿಗದಿರುವುದಕ್ಕೆ ಕಾರಣ ಟೇಪಲ್ಲ, ಡಿಸ್ಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ ತೆಗೆದುಕೊಳ್ಳುವುದು ಸುಮಾರು 8.3 ಮಿಲಿಸೆಕೆಂಡು. ಓದುವ ಮುಳ್ಳು ಬೇಕಾದ ಜಾಗಕ್ಕೆ ಸರಿಯುವ ಕಾಲವನ್ನೂ ಸೇರಿಸಿ, ಒಂದು ಹುಡುಕಾಟಕ್ಕೆ 10 ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ತಲಾ 10 ಕಿಲೋಬೈಟಿನ 10 ಲಕ್ಷ ಕಡತಗಳಿದ್ದರೆ ಒಟ್ಟು ಗಾತ್ರ 10 ಗಿಗಾಬೈಟು. ಸೆಕೆಂಡಿಗೆ 100 ಮೆಗಾಬೈಟು ಬರೆಯಬಲ್ಲ ಟೇಪಿಗೆ ಅದು 100 ಸೆಕೆಂಡಿನ ಕೆಲಸ. ಆದರೆ ಕಡತಕ್ಕೆ ಒಂದೇ ಹುಡುಕಾಟವೆಂದರೂ ಡಿಸ್ಕಿಗೆ ಎರಡು ಮುಕ್ಕಾಲು ಗಂಟೆ ಬೇಕು. ಹೆಸರು, ವಿಳಾಸ, ಒಳಗಿನ ಮಾಹಿತಿ ಎಂದು ಮೂರು ಹುಡುಕಾಟವಾದರೆ ಎಂಟು ಗಂಟೆಗೂ ಮಿಗಿಲು. ನನ್ನ ರಾತ್ರಿ ಪಾಳಿಗಳು ಕರಗಿದ್ದು ಇಲ್ಲಿಯೇ. ಇಂಥ ಸ್ಥಿತಿಯಲ್ಲಿ ಹೆಚ್ಚು ವೇಗದ ಟೇಪ್ ಯಂತ್ರವನ್ನು ಕೊಂಡರೆ ತೊಂದರೆ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಪರಿಹಾರಗಳು ಹಲವು ದಿಕ್ಕಿನಿಂದ ಬಂದವು. ಯೂನಿಕ್ಸಿನ ‘ಡಂಪ್’ ಎಂಬ ಸಲಕರಣೆಯು ಒಂದೊಂದು ಕಡತವನ್ನೂ ಹೆಸರು ಹಿಡಿದು ತೆರೆಯದೆ, ಡಿಸ್ಕಿನ ಒಳರಚನೆಯನ್ನೇ ನೇರವಾಗಿ ಓದುವ ಮಾರ್ಗ ಹಿಡಿಯಿತು. 1990ರ ದಶಕದ ಆರಂಭದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಅಮಾಂಡಾ’ ಎಂಬ ತಂತ್ರಾಂಶವು ಅನೇಕ ಗಣಕಯಂತ್ರಗಳಿಂದ ಬಂದ ಮಾಹಿತಿಯನ್ನು ಮೊದಲು ಒಂದು ತಂಗುದಾಣದ ಡಿಸ್ಕಿನಲ್ಲಿ ಕೂಡಿಹಾಕಿ, ಬಳಿಕ ದೊಡ್ಡ ರಾಶಿಯಾಗಿ ಟೇಪಿಗೆ ಒಂದೇ ಓಟದಲ್ಲಿ ಇಳಿಸುತ್ತಿತ್ತು. ಮತ್ತೆ ಕೆಲವು ತಂತ್ರಾಂಶಗಳು ಹಲವು ಸರ್ವರ್‌ಗಳ ಧಾರೆಗಳನ್ನು ಹೆಣೆದು ಒಂದೇ ಟೇಪಿಗೆ ಹರಿಸಿದವು. ಬರೆಯುವಾಗ ಇದರಿಂದ ವೇಗ ಸಿಕ್ಕಿತು. ಆದರೆ ಮರಳಿ ಪಡೆಯುವಾಗ ಒಂದು ಎಳೆಗಾಗಿ ಇಡೀ ಜಡೆಯನ್ನು ಬಿಚ್ಚಬೇಕಾಯಿತು.

2000ದಲ್ಲಿ ಐಬಿಎಂ, ಎಚ್‌ಪಿ ಮತ್ತು ಸೀಗೇಟ್ ಸಂಸ್ಥೆಗಳು ಸೇರಿ ರೂಪಿಸಿದ ಎಲ್‌ಟಿಒ ಟೇಪಿನ ಮೊದಲ ಪೀಳಿಗೆ ಮಾರುಕಟ್ಟೆಗೆ ಬಂತು. ಅದರ ಧಾರಣಶಕ್ತಿ 100 ಗಿಗಾಬೈಟು. 2021ರಲ್ಲಿ ಬಂದ ಒಂಬತ್ತನೆಯ ಪೀಳಿಗೆಯದು 18 ಟೆರಾಬೈಟು, ವೇಗ ಸೆಕೆಂಡಿಗೆ 400 ಮೆಗಾಬೈಟಿನವರೆಗೆ. ಮಾಹಿತಿ ಬರುವ ಗತಿಗೆ ಹೊಂದಿಕೊಂಡು ಈ ಯಂತ್ರಗಳು ತಮ್ಮ ಓಟವನ್ನು ತಗ್ಗಿಸಿಕೊಳ್ಳಬಲ್ಲವು. ಆದರೆ ಅದಕ್ಕೂ ಒಂದು ಕೆಳಮಿತಿಯಿದೆ. ಅದಕ್ಕಿಂತ ನಿಧಾನವಾದರೆ ಮತ್ತೆ ಅದೇ ಬೂಟ್ ಪಾಲಿಶ್.

ಟೇಪಿನ ಕಾಲ ಮುಗಿಯಿತೆಂದು ಹೇಳುವವರು 2011ರ ಫೆಬ್ರುವರಿಯನ್ನು ನೆನೆಯಬೇಕು. ತಂತ್ರಾಂಶದ ಒಂದು ದೋಷದಿಂದ ಜಿಮೇಲಿನ ಶೇಕಡಾ 0.02ರಷ್ಟು ಬಳಕೆದಾರರ ಅಂಚೆ ಕಾಣೆಯಾಯಿತು. ಡಿಸ್ಕುಗಳಲ್ಲಿದ್ದ ಹಲವು ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ಕೊನೆಗೆ ಕೈಹಿಡಿದದ್ದು, ಸಂಪರ್ಕದಿಂದ ದೂರ ಇಟ್ಟಿದ್ದ ಟೇಪುಗಳು. ಅಂಚೆಯನ್ನು ಅವುಗಳಿಂದಲೇ ಮರಳಿ ತರಲಾಯಿತು.

ಆ ಫೋಲ್ಡರ್ ಕಳೆದುಹೋದ ಮೇಲೆ ನಮ್ಮ ಕೊಠಡಿಯಲ್ಲೂ ವ್ಯವಸ್ಥೆ ಬದಲಾಯಿತು. ಬದಲಾಗದ ಹಳೆಯ ಪತ್ರಗಳನ್ನು ವರ್ಷಕ್ಕೊಂದು ಟಾರ್ ಕಡತವಾಗಿ ಕಟ್ಟಿದೆವು. ಪ್ರತಿ ರಾತ್ರಿ ಹೊಸತನ್ನಷ್ಟೇ ತಂಗುದಾಣದ ಡಿಸ್ಕಿಗೆ ತಂದು, ಅಲ್ಲಿಂದ ಟೇಪಿಗೆ ಇಳಿಸಿದೆವು. ಬೆಳಗಾಗುವ ಮೊದಲೇ ಕೆಲಸ ಮುಗಿಯತೊಡಗಿತು. ಎಲ್ಲಕ್ಕಿಂತ ಮಿಗಿಲಾಗಿ, ತಿಂಗಳಿಗೊಮ್ಮೆ ಯಾವುದಾದರೊಂದು ಫೋಲ್ಡರನ್ನು ಟೇಪಿನಿಂದ ಮರಳಿ ತೆಗೆದು ನೋಡುವುದನ್ನು ನಿಯಮ ಮಾಡಿಕೊಂಡೆವು.

ಸದಸ್ಯ ಬಾಂಧವರೇ, ನಮ್ಮ ಮನೆಗಳಲ್ಲಿ ಟೇಪ್ ಯಂತ್ರವಿಲ್ಲ. ಆದರೆ ಸಾವಿರಾರು ಪುಟ್ಟ ಕಡತಗಳು ನಮ್ಮ ಫೋನುಗಳಲ್ಲೂ ಇವೆ: ಮಕ್ಕಳ ಚಿತ್ರಗಳು, ಊರಿನಿಂದ ಅಜ್ಜಿ ಕಳುಹಿಸಿದ ಅರ್ಧ ನಿಮಿಷದ ಧ್ವನಿಸಂದೇಶಗಳು. ಒಂದೊಂದೂ ಚಿಕ್ಕದಾದ್ದರಿಂದ ಯಾವುದೂ ತುರ್ತೆನಿಸುವುದಿಲ್ಲ. ಪ್ರತಿ ಮಾಡುವ ಕೆಲಸ ಅರ್ಧಕ್ಕೆ ನಿಂತರೂ ನಮ್ಮ ಗಮನಕ್ಕೆ ಬರುವುದಿಲ್ಲ. ವರ್ಷಕ್ಕೊಮ್ಮೆ ಅವನ್ನು ಒಂದು ಕಟ್ಟಾಗಿ ಕಟ್ಟಿ, ಬೇರೊಂದು ಡಿಸ್ಕಿಗೆ ಇಳಿಸಿ, ಮನೆಯಿಂದ ಹೊರಗೆ ಮತ್ತೊಂದು ಪ್ರತಿಯನ್ನೂ ಇಡಿ. ಇಟ್ಟ ಮೇಲೆ ಒಮ್ಮೆ ತೆರೆದು ನೋಡಿ, ಅಜ್ಜಿಯ ದನಿ ಕೇಳಿಸುತ್ತದೆಯೇ ಎಂದು.