ಬಡವರ ವಂಶಾವಳಿ

ಗಂಗರ ವಂಶಾವಳಿಯನ್ನಾಗಲಿ ಹೊಯ್ಸಳರ ವಂಶಾವಳಿಯನ್ನಾಗಲಿ ತಿಳಿಯಬಯಸುವವರಿಗೆ ತಾಮ್ರಶಾಸನಗಳೂ ಶಿಲಾಶಾಸನಗಳೂ ಇವೆ. ಹೊಯ್ಸಳ ಶಿಲ್ಪಿಗಳಲ್ಲಿ ಕೆಲವರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನೂ ಕೊರೆದಿಟ್ಟರು. ಆದರೆ ಆ ಕಲ್ಲನ್ನು ಗಣಿಯಿಂದ ಸಾಗಿಸಿದ ಕೂಲಿಗಳ ಹೆಸರನ್ನು ಕೇಳಿದರೆ ಶಾಸನಗಳು ಮೌನವಾಗುತ್ತವೆ. ಕೂಲಿಯವನಿಗೂ ಅಜ್ಜ ಮುತ್ತಜ್ಜಂದಿರು ಇದ್ದೇ ಇದ್ದರಷ್ಟೆ! ಅವರನ್ನು ಹುಡುಕುವ ದಾರಿಯೊಂದು ಉಂಟೇ ಎಂಬುದೇ ನಾವು ಈಗ ವಿಚಾರಮಾಡತಕ್ಕ ವಿಷಯ.

ಇಂಗ್ಲೆಂಡಿನಲ್ಲಿ ಅಂತಹ ದಾರಿ ಉಂಟು. ಲ್ಯಾಂಕಷೈರಿನ ಬೋಲ್ಟನ್ ಪಟ್ಟಣದ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ ಒಂದು ಕುಟುಂಬವನ್ನು ನಾವು ಕಲ್ಪಿಸಿಕೊಳ್ಳೋಣ. ತಿಳಿದುದರಿಂದ ತಿಳಿಯದುದರ ಕಡೆಗೆ, ಎಂದರೆ ಮೊಮ್ಮಗನಿಂದ ಅಜ್ಜನ ಕಡೆಗೆ, ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಹೋಗಬೇಕು. ಮೊದಲು ದೊರೆಯುವುದು 1911ರ ಖಾನೇಷುಮಾರಿ. ಮನೆಯ ಯಜಮಾನನು ತುಂಬಿ ಕೊಟ್ಟ ಕಾಗದವೇ ಆ ವರ್ಷದ್ದು ಉಳಿದುಬಂದಿದೆ. ವಿವಾಹಿತ ಸ್ತ್ರೀಗೆ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ಸತ್ತವರೆಷ್ಟು ಎಂದು ಅದರಲ್ಲಿ ಮೂರು ಅಂಕಣಗಳಿವೆ. ಆ ಮೂರನೆಯ ಅಂಕಣವನ್ನು ಒಂದು ಬೀದಿಯ ಉದ್ದಕ್ಕೂ ಓದಿಕೊಂಡು ಹೋದವನಿಗೆ ಗಿರಣಿ ಊರುಗಳ ಆರೋಗ್ಯವನ್ನು ಕುರಿತು ಬೇರೆ ಗ್ರಂಥವು ಬೇಕಾಗದು.

ಅಲ್ಲಿಂದ ಹಿಂದಕ್ಕೆ ಹತ್ತು ಹತ್ತು ವರ್ಷಗಳ ಮೆಟ್ಟಿಲು. 1851ರ ಖಾನೇಷುಮಾರಿಯು ಪ್ರತಿಯೊಬ್ಬನ ವಯಸ್ಸನ್ನೂ, ಯಜಮಾನನಿಗೆ ಅವನ ಸಂಬಂಧವನ್ನೂ, ಹುಟ್ಟಿದ ಊರನ್ನೂ ಹೇಳುತ್ತದೆ. 1841ರದು ಅಷ್ಟು ಉದಾರವಲ್ಲ: ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ವಿಧಿಯಿದ್ದುದರಿಂದ ಮೂವತ್ತನಾಲ್ಕರವನು ಮೂವತ್ತರವನಾಗಿ ನಿಲ್ಲುತ್ತಾನೆ. 1837ರ ಜುಲೈ 1ರಿಂದ ಜನನ, ವಿವಾಹ, ಮರಣಗಳನ್ನು ಸರ್ಕಾರವೇ ದಾಖಲು ಮಾಡತೊಡಗಿತು. ಜನನಪತ್ರದಲ್ಲಿ ತಾಯಿಯ ತವರಿನ ಮನೆತನದ ಹೆಸರು ಸಿಕ್ಕುತ್ತದೆ; ವಿವಾಹಪತ್ರದಲ್ಲಿ ವಧೂವರರ ತಂದೆಗಳ ಹೆಸರೂ ಕಸುಬೂ ಸಿಕ್ಕುತ್ತವೆ. ತಾಯಂದಿರ ಹೆಸರು ವಿವಾಹದ ದಾಖಲೆಗೆ ಸೇರಿದುದು 2021ರಲ್ಲಿ ಎಂದರೆ ನಂಬುವುದು ಕಷ್ಟ.

1837ಕ್ಕೂ ಹಿಂದೆ ಹೋದರೆ ನಮಗೆ ಆಧಾರ ಇಗರ್ಜಿಯ ಪುಸ್ತಕಗಳೇ. ಪ್ರತಿಯೊಂದು ಪ್ಯಾರಿಷ್ಷಿನಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ಲನು ಆಜ್ಞೆ ಮಾಡಿದನು. 1754ರಿಂದ ವಧೂವರರು ವಿವಾಹದ ಪುಸ್ತಕದಲ್ಲಿ ರುಜು ಹಾಕಬೇಕಾಯಿತು. ಓದು ಬಾರದವರು ಕತ್ತರಿಯಂತೆ ಎರಡು ಗೀಟು ಎಳೆದರು. ಎಷ್ಟೋ ಕೂಲಿಗಾರರು ತಮ್ಮ ಕೈಯಿಂದ ಲೋಕಕ್ಕೆ ಬಿಟ್ಟುಹೋದ ಗುರುತು ಆ ಎರಡು ಗೀಟುಗಳು ಮಾತ್ರ. 1783ರಲ್ಲಿ ಪ್ರತಿ ದಾಖಲೆಗೂ ಮೂರು ಪೆನ್ಸ್ ತೆರಿಗೆ ಬಿದ್ದಿತು. ನಿರ್ಗತಿಕರಿಗೆ ವಿನಾಯಿತಿ ಇತ್ತು. 1794ರಲ್ಲಿ ಅದು ರದ್ದಾಯಿತು.

ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸನ್ನು ಹಿಡಿಯುವುವು ಬಡವರ ಕಾನೂನಿನ ಕಾಗದಗಳು. ಹೊಸದಾಗಿ ಊರಿಗೆ ಬಂದವನು ಮುಂದೆ ಊರಿಗೆ ಹೊರೆಯಾದಾನೆಂಬ ಶಂಕೆಯಿದ್ದರೆ, ಇಬ್ಬರು ಮ್ಯಾಜಿಸ್ಟ್ರೇಟರು ಅವನನ್ನು ಅವನ ಸ್ವಂತ ಪ್ಯಾರಿಷ್ಷಿಗೆ ಅಟ್ಟಬಹುದೆಂದು 1662ರ ಶಾಸನವು ವಿಧಿಸಿತು. ಸ್ವಂತ ಪ್ಯಾರಿಷ್ಷು ಯಾವುದು? ಇದನ್ನು ತೀರ್ಮಾನಿಸಲು ಅವನಿಂದ ಪ್ರಮಾಣ ಮಾಡಿಸಿ ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರಲ್ಲಿ ಕಸುಬು ಕಲಿತೆ, ಯಾವ ಒಡೆಯನಲ್ಲಿ ವರ್ಷ ತುಂಬ ದುಡಿದೆ, ಸಂಬಳವೆಷ್ಟು, ಎಂದು ಮದುವೆಯಾದೆ. ಗುಮಾಸ್ತನು ಬರೆದುಕೊಂಡ ಆ ಉತ್ತರಗಳೇ ಒಬ್ಬ ನಿರಕ್ಷರಿಯ ಆತ್ಮಕಥೆ. ಅವಿವಾಹಿತ ಗರ್ಭಿಣಿಯರನ್ನು ಹೆರಿಗೆಗೆ ಮೊದಲೇ ಗಡಿ ದಾಟಿಸಲು ಅಧಿಕಾರಿಗಳು ಆತುರಪಡುತ್ತಿದ್ದರು. ಅಂತಹ ಮಗುವು ಹುಟ್ಟಿದ ಊರಿನ ಹೊರೆಯಾಗುತ್ತಿತ್ತಷ್ಟೆ. ಶಂಕೆಯ ಮೇಲೆಯೇ ಅಟ್ಟುವ ಪದ್ಧತಿ 1795ರವರೆಗೂ ನಡೆಯಿತು.

ಇಲ್ಲಿ ಒಂದು ವೈಪರೀತ್ಯವನ್ನು ನಾವು ಗಮನಿಸಬೇಕು. ಯಾರ ಮುಂದೆಯೂ ಕೈಯೊಡ್ಡದೆ, ಊರು ಬಿಡದೆ, ಮಾನವಾಗಿ ದುಡಿದು ಸತ್ತವನ ವಿಷಯದಲ್ಲಿ ಮೂರು ಸಾಲುಗಳು ಸಿಕ್ಕಿದರೆ ಹೆಚ್ಚು. ಹಸಿದು ಅಲೆದವನ ವಿಷಯದಲ್ಲಾದರೋ ಪುಟಗಟ್ಟಲೆ ಸಿಕ್ಕುತ್ತದೆ. ಸರ್ಕಾರದ ಕಣ್ಣು ಬಡವನ ಮೇಲೆ ಬಿದ್ದುದು ಬಹುಮಟ್ಟಿಗೆ ಖರ್ಚಿನ ಭಯದಿಂದ. ಆದುದರಿಂದ ಆ ಕಾಗದಗಳನ್ನು ಓದುವಾಗ ಪ್ರಶ್ನೆ ಕೇಳಿದವನ ಉದ್ದೇಶವನ್ನು ಮರೆಯಲಾಗದು.

ನಮ್ಮ ನಾಡಿನ ಸ್ಥಿತಿ ಬೇರೆ. ಮೈಸೂರಿನಲ್ಲಿ 1871ರಲ್ಲಿಯೇ ಖಾನೇಷುಮಾರಿ ನಡೆಯಿತು; ಆದರೆ ಅದರ ವರದಿಗಳಿಂದ ನಮಗೆ ದೊರೆಯುವುದು ಮೊತ್ತಗಳು, ಮನೆಮನೆಯ ಹೆಸರುಗಳಲ್ಲ. 1948ರ ಶಾಸನದಂತೆ ಒಬ್ಬೊಬ್ಬರ ವಿವರಗಳೂ ಗೋಪ್ಯ. ಶಾನುಭೋಗರ ಲೆಕ್ಕದಲ್ಲಿ ಹೊಲದ ಖಾತೆದಾರನು ಸಿಕ್ಕಿಯಾನು. ಆ ಹೊಲವನ್ನು ಉತ್ತ ಆಳು ಸಿಕ್ಕುವುದು ಕಷ್ಟ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ತಂದೆಯ ಹೆಸರಾದರೂ ಉಂಟು. ಉತ್ತರ ಕರ್ನಾಟಕದ ಹೆಳವರು ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೇಳಿಕೊಂಡು ಊರೂರು ತಿರುಗುವವರು. ಅವರ ಬಾಯಲ್ಲಿ ಇರುವುದನ್ನು ಅಕ್ಷರಕ್ಕಿಳಿಸುವ ಕೆಲಸಕ್ಕೆ ನಮ್ಮ ಕಾಲೇಜುಗಳ ತರುಣರು ತೊಡಗುವುದಾದರೆ, ಪರೀಕ್ಷೆಗಾಗಿ ಟ್ಯೂಡರ್ ದೊರೆಗಳ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಅದು ಮೇಲೆಂದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನ ದಾಖಲೆಗಳಲ್ಲಿಯೂ ದೊಡ್ಡ ಬಿರುಕುಗಳಿವೆ. 1921ರ ಖಾನೇಷುಮಾರಿಯನ್ನು, ನೂರು ವರ್ಷ ಮುಚ್ಚಿಟ್ಟಿದ್ದು, 2022ರಲ್ಲಿ ತೆರೆದರು. 1931ರದು 1942ರಲ್ಲಿ ಬೆಂಕಿಗೆ ಆಹುತಿಯಾಯಿತು. 1941ರಲ್ಲಿ ಯುದ್ಧದ ದೆಸೆಯಿಂದ ಎಣಿಕೆಯೇ ನಡೆಯಲಿಲ್ಲ. ಆ ಮೂವತ್ತು ವರ್ಷಗಳ ನಡುವೆ ನಮ್ಮ ಗಿರಣಿಯ ಕುಟುಂಬವನ್ನು ಕಾಣಬೇಕಾದವರಿಗೆ, ಗುರುತು ಚೀಟಿಗಳಿಗಾಗಿ 1939ರ ಸೆಪ್ಟೆಂಬರ್ 29ರಂದು ಮನೆಮನೆಯಲ್ಲಿಯೂ ಬರೆದುಕೊಂಡ ಪಟ್ಟಿಯೊಂದು ಉಳಿದಿದೆ.