ಒಂದೇ ಪಿಕ್ಕಿನಲ್ಲಿ ಮೂರು ಬೆರಳಿನ ಕೆಲಸ

1945ರ ಡಿಸೆಂಬರಿನಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದು ವರ್ಷದ ಯುವಕ ಬ್ಯಾಂಜೊ ಹಿಡಿದುಕೊಂಡು ಬಿಲ್ ಮನ್ರೊ ಅವರ ತಂಡ ಸೇರಿದರು. ನ್ಯಾಶ್‌ವಿಲ್ ನಗರದ 'ಗ್ರ್ಯಾಂಡ್ ಓಲ್ ಆಪ್ರಿ' ರೇಡಿಯೊ ಕಾರ್ಯಕ್ರಮದಲ್ಲಿ ಮನ್ರೊ ಆಗಲೇ ದೊಡ್ಡ ಹೆಸರು. ಸ್ಕ್ರಗ್ಸ್ ಬಂದ ಮೇಲೆ ಆ ತಂಡದ ಸಂಗೀತದ ಚಹರೆಯೇ ಬದಲಾಯಿತು. ಬ್ಲೂಗ್ರಾಸ್ ಎಂದು ಮುಂದೆ ಜಗತ್ತು ಗುರುತಿಸಿದ ಪ್ರಕಾರ ತನ್ನ ಪೂರ್ಣ ರೂಪ ಪಡೆದದ್ದು ಆ ಒಂದೆರಡು ವರ್ಷಗಳಲ್ಲಿ. ಸ್ಕ್ರಗ್ಸ್ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಸರದಿಯಂತೆ ಬೇರೆ ಬೇರೆ ತಂತಿಗಳ ಮೇಲೆ ಓಡಿಸುತ್ತಿದ್ದರು. ಒಂದು ಆವರ್ತಕ್ಕೆ ಎಂಟು ಸ್ವರ, ನುಡಿಸುವ ಬೆರಳು ಮೂರು. ಎಂಟನ್ನು ಮೂರರಿಂದ ಭಾಗಿಸಲಾಗದು, ಹಾಗಾಗಿ ಮೂರು, ಮೂರು, ಎರಡು ಎಂದು ಒಡೆಯುತ್ತದೆ. ನಮ್ಮ ಮೃದಂಗದ ಪಾಠ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ: ತಕಿಟ ತಕಿಟ ತಕ. ಒತ್ತು ತಾಳದ ಪೆಟ್ಟಿನ ಮೇಲೆ ಬೀಳದೆ ಅದರ ಆಚೀಚೆ ಬೀಳುವುದರಿಂದ ಹಾಡು ಸದಾ ಮುಂದಕ್ಕೆ ಜಗ್ಗುತ್ತಿರುತ್ತದೆ.

ಪೇಚು ಶುರುವಾದದ್ದು ಪಕ್ಕದಲ್ಲಿ ನಿಂತವರಿಗೆ. ಮ್ಯಾಂಡೊಲಿನ್ ಮತ್ತು ಗಿಟಾರ್ ವಾದಕರ ಕೈಯಲ್ಲಿ ಇದ್ದದ್ದು ತಂತಿ ಮೀಟುವ ಒಂದೇ ಒಂದು ಚಪ್ಪಟೆ ಬಿಲ್ಲೆ, ಅಂದರೆ ಪಿಕ್. ಬ್ಯಾಂಜೊದ ಆ ಎಡೆಬಿಡದ ಸ್ವರಧಾರೆಯನ್ನು ಒಂದು ತುಂಡು ಪಿಕ್ಕಿನಿಂದ ಹೊರಡಿಸುವುದು ಹೇಗೆ? ಈ ಪ್ರಶ್ನೆಗೆ ಇಬ್ಬರು ಎರಡು ಕಡೆ ಕೂತು ಎರಡು ಉತ್ತರ ಕಂಡುಕೊಂಡರು. ಕ್ರಾಸ್‌ಪಿಕಿಂಗ್ ಎಂದು ಇವತ್ತು ಕರೆಯುವ ಕೈಚಳಕದ ಕಥೆ ಆ ಎರಡು ಉತ್ತರಗಳ ಕಥೆ.

ಮೊದಲನೆಯವರು ಜೆಸ್ಸಿ ಮೆಕ್‌ರೆನಾಲ್ಡ್ಸ್. 1929ರಲ್ಲಿ ಹುಟ್ಟಿದ್ದು ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಕೋಬರ್ನ್ ಊರಿನ ಹತ್ತಿರದ ಕಾರ್‌ಫ್ಯಾಕ್ಸ್ ಎಂಬಲ್ಲಿ. ಕಲ್ಲಿದ್ದಲು ಗಣಿಗಳ ಬೆಟ್ಟಸೀಮೆ ಅದು. ಮನೆಯಲ್ಲಿ ಸಂಗೀತ ಅಜ್ಜನ ಕಾಲದಿಂದಲೂ ಇತ್ತು. ಅಜ್ಜ ಚಾರ್ಲ್ಸ್ ಮೆಕ್‌ರೆನಾಲ್ಡ್ಸ್ ಪಿಟೀಲುವಾದಕ. 1927ರ ಬೇಸಿಗೆಯಲ್ಲಿ ರಾಲ್ಫ್ ಪಿಯರ್ ಎಂಬ ಧ್ವನಿಮುದ್ರಣಕಾರ ವಿಕ್ಟರ್ ಕಂಪನಿಯ ಯಂತ್ರಗಳನ್ನು ಹೊತ್ತು ಬ್ರಿಸ್ಟಲ್ ಪಟ್ಟಣಕ್ಕೆ ಬಂದಾಗ ಈ ಅಜ್ಜನ ತಂಡವೂ ಅಲ್ಲಿ ನುಡಿಸಿತ್ತು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಬೆಳಕಿಗೆ ಬಂದದ್ದು ಅದೇ ಬ್ರಿಸ್ಟಲ್ ಮುದ್ರಣಗಳಲ್ಲಿ. ಅಮೆರಿಕದ ಹಳ್ಳಿಸಂಗೀತದ ಚರಿತ್ರೆ ಬರೆಯುವವರೆಲ್ಲ ಒಂದಲ್ಲ ಒಂದು ಸಲ ಆ ಊರಿಗೆ ಹೋಗಿ ಬರಲೇಬೇಕು.

ಜೆಸ್ಸಿ ತಮ್ಮ ಅಣ್ಣ ಜಿಮ್ ಜತೆ 1947ರಲ್ಲಿ ನಾರ್ಟನ್ ಪಟ್ಟಣದ ರೇಡಿಯೊದಲ್ಲಿ ಹಾಡತೊಡಗಿದರು. ಜಿಮ್ ಗಿಟಾರ್ ಹಿಡಿದು ಏರುಕಂಠದಲ್ಲಿ ಹಾಡುವರು, ಜೆಸ್ಸಿ ಮ್ಯಾಂಡೊಲಿನ್ ನುಡಿಸುವರು. ಆ ಕಾಲದಲ್ಲಿ ಮ್ಯಾಂಡೊಲಿನ್ ಎಂದರೆ ಬಿಲ್ ಮನ್ರೊ. ಪಿಕ್ಕನ್ನು ಮೇಲೆ ಕೆಳಗೆ ರಭಸದಿಂದ ಆಡಿಸಿ, ಬ್ಲೂಸ್ ಛಾಯೆಯ ಸ್ವರಗಳನ್ನು ಕಡಿದಂತೆ ನುಡಿಸುವ ಮನ್ರೊ ಶೈಲಿಯನ್ನೇ ಎಲ್ಲರೂ ಅನುಕರಿಸುತ್ತಿದ್ದರು. ಜೆಸ್ಸಿಯ ಕಿವಿ ಮಾತ್ರ ಬ್ಯಾಂಜೊ ಕಡೆಗೆ ತಿರುಗಿತ್ತು. ಸ್ಕ್ರಗ್ಸ್ ಅವರನ್ನು ರೇಡಿಯೊದಲ್ಲಿ ಕೇಳಿದ್ದರು. ಹೋಕ್ ಜೆಂಕಿನ್ಸ್ ಎಂಬ ಬ್ಯಾಂಜೊವಾದಕರ ಪಕ್ಕದಲ್ಲೇ ನಿಂತು ನುಡಿಸಿದ್ದರು. ಮೂರು ಬೆರಳಿನ ಆ ಸ್ವರಸುರುಳಿಯನ್ನು ಮ್ಯಾಂಡೊಲಿನ್ನಿಗೆ ಇಳಿಸುವ ಹಟ ಹಿಡಿದರು. 1952ರಲ್ಲಿ ಕ್ಯಾಪಿಟಲ್ ಕಂಪನಿಗೆ ಅಣ್ಣ ತಮ್ಮ ಹಾಡಿಕೊಟ್ಟ 'ಆರ್ ಯು ಮಿಸ್ಸಿಂಗ್ ಮಿ' ಹಾಡನ್ನು ಕೇಳಿದರೆ, ಅಷ್ಟು ಹೊತ್ತಿಗೆ ಆ ಶೈಲಿ ಎಷ್ಟು ಹದಕ್ಕೆ ಬಂದಿತ್ತು ಎಂಬುದು ಗೊತ್ತಾಗುತ್ತದೆ. ಆಮೇಲೆ ಸೈನ್ಯದ ಕರೆ ಬಂತು. ಜೆಸ್ಸಿ ಕೊರಿಯಾಕ್ಕೆ ಹೋದರು, ತಂಡದ ಬೆಳವಣಿಗೆ ಅಲ್ಲಿಗೆ ಕೆಲಕಾಲ ನಿಂತಿತು.

ಜೆಸ್ಸಿ ಕೈ ನಡೆಯುತ್ತಿದ್ದ ಕ್ರಮ ನೋಡಬೇಕು. ಅಕ್ಕಪಕ್ಕದ ಮೂರು ತಂತಿ ತೆಗೆದುಕೊಳ್ಳಿ: ದಪ್ಪದ್ದು, ನಡುವಿನದು, ತೆಳ್ಳನೆಯದು. ಪಿಕ್ಕನ್ನು ಕೆಳಕ್ಕೆ ಎಳೆದು ದಪ್ಪ ತಂತಿ ಮೀಟುವುದು. ಕೈ ಹಾಗೇ ಉಳಿದೆರಡು ತಂತಿಗಳನ್ನು ಮುಟ್ಟದೆ ದಾಟಿ ಕೆಳಗೆ ಹೋಗುತ್ತದೆ. ಹಿಂದಿರುಗುವಾಗ ಮೇಲ್ಮುಖವಾಗಿ ತೆಳ್ಳನೆಯ ತಂತಿ, ಅದೇ ಎಳೆತದಲ್ಲಿ ನಡುವಿನ ತಂತಿ. ಕೆಳಕ್ಕೊಂದು, ಮೇಲಕ್ಕೆರಡು. ನಡುತಂತಿ ಮೀಟಿದ ಪಿಕ್ ತಾನಾಗಿಯೇ ದಪ್ಪ ತಂತಿಯ ಮೇಲ್ಗಡೆಗೆ ಬಂದು ನಿಂತಿರುತ್ತದೆ, ಮುಂದಿನ ಸುತ್ತಿಗೆ ಸಿದ್ಧವಾಗಿ. ಒಮ್ಮೆ ಕೈಗೆ ಹತ್ತಿದರೆ ಮಣಿಕಟ್ಟು ಸಣ್ಣ ವೃತ್ತ ಬಿಡಿಸುತ್ತಿರುವಂತೆ ಕಾಣುತ್ತದೆ. ಆದರೆ ಮ್ಯಾಂಡೊಲಿನ್ನಿನಲ್ಲಿ ಪ್ರತಿಯೊಂದು 'ತಂತಿ'ಯೂ ನಿಜಕ್ಕೆ ಜೋಡಿ. ನಾಲ್ಕು ಜೋಡಿ ಸೇರಿ ಎಂಟು. ಬಿಗಿಯಾಗಿ ಎಳೆದು ಕಟ್ಟಿದ ಆ ಜೋಡಿಯ ಎರಡೂ ತಂತಿಗಳನ್ನು ಪಿಕ್ ಒಟ್ಟಿಗೆ ದಾಟಬೇಕು, ಮೇಲ್ಮುಖವಾಗಿ ಬರುವಾಗಲೂ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ತಾಗಿಸಿದರೆ ಸ್ವರ ಬಡಕಲಾಗುತ್ತದೆ. ಕಲಿಯುವವರು ತಿಂಗಳುಗಟ್ಟಲೆ ಎಡವುವುದು ಇಲ್ಲೇ. ಜೆಸ್ಸಿ ಇಷ್ಟಕ್ಕೂ ನಿಲ್ಲದೆ, ಜೋಡಿಯ ಎರಡು ತಂತಿಗಳಲ್ಲಿ ಒಂದನ್ನಷ್ಟೇ ಎಡಗೈ ಉಗುರಂಚಿನಿಂದ ಒತ್ತಿ ಒಂದೇ ಜೋಡಿಯಿಂದ ಎರಡು ಬೇರೆ ಸ್ವರ ತೆಗೆಯುವ ವಿದ್ಯೆಯನ್ನೂ ಸಾಧಿಸಿದರು. ಅದನ್ನು ಅವರಷ್ಟು ನಿಖರವಾಗಿ ನುಡಿಸಿದವರು ವಿರಳ.

ಎರಡನೆಯ ಉತ್ತರ ಗಿಟಾರಿನದು. ಅದನ್ನು ಕಂಡುಕೊಂಡವರು ಜಾರ್ಜ್ ಶಫ್ಲರ್. ನಾರ್ತ್ ಕ್ಯಾರೊಲೈನಾದ ವಾಲ್ಡೀಸ್ ಊರಿನವರು, 1925ರಲ್ಲಿ ಹುಟ್ಟಿದವರು. ಇಟಲಿಯ ಆಲ್ಪ್ಸ್ ಕಣಿವೆಗಳಿಂದ ಬಂದ ವಾಲ್ಡೆನ್ಸಿಯನ್ ಪಂಥದ ಕ್ರೈಸ್ತರು 1893ರಲ್ಲಿ ಕಟ್ಟಿದ ಊರು ಅದು. ಶಫ್ಲರ್ 1950ರ ಸುಮಾರಿಗೆ ಸ್ಟ್ಯಾನ್ಲಿ ಸಹೋದರರ ತಂಡ ಸೇರಿದರು, ಮೊದಲಿಗೆ ಬೇಸ್ ವಾದಕರಾಗಿ. ಕಾರ್ಟರ್ ಮತ್ತು ರಾಲ್ಫ್ ಸ್ಟ್ಯಾನ್ಲಿ ವರ್ಜೀನಿಯಾದ ಡಿಕನ್ಸನ್ ಕೌಂಟಿಯವರು. ಅದು ಮೆಕ್‌ರೆನಾಲ್ಡ್ಸ್ ಸಹೋದರರ ವೈಸ್ ಕೌಂಟಿಗೆ ಅಂಟಿಕೊಂಡಿರುವ ಕೌಂಟಿ. ಕ್ರಾಸ್‌ಪಿಕಿಂಗಿನ ಎರಡು ಧಾರೆಗಳೂ ಹೀಗೆ ಒಂದೇ ಬೆಟ್ಟಸಾಲಿನ ಅಕ್ಕಪಕ್ಕದ ಮನೆತನಗಳ ಸುತ್ತ ಹರಿದವು.

ಬ್ಲೂಗ್ರಾಸ್ ತಂಡದಲ್ಲಿ ಗಿಟಾರಿಗೆ ಆಗ ಮುಂದೆ ಬರುವ ಹಕ್ಕೇ ಇರಲಿಲ್ಲ ಎನ್ನಬಹುದು. ಹಿಂದೆ ನಿಂತು ತಾಳ ಹಿಡಿಯುವುದು ಅದರ ಪಾಲಿನ ಕೆಲಸ. ಡಾನ್ ರೆನೊ ಅವರಂಥ ಕೆಲವರು ಪಿಕ್ ಹಿಡಿದು ಗಿಟಾರಿನಲ್ಲಿ ರಾಗದ ಎಳೆ ನುಡಿಸಿದ್ದರು, ಆದರೆ ಅದು ರೂಢಿಯಾಗಿರಲಿಲ್ಲ. ಗಿಟಾರನ್ನು ಮುಂದಕ್ಕೆ ತಳ್ಳಿದ್ದರಲ್ಲಿ ವ್ಯಾಪಾರಿಯೊಬ್ಬರ ಪಾತ್ರವೂ ಇದೆ. ಸ್ಟ್ಯಾನ್ಲಿ ಸಹೋದರರು 1958ರಲ್ಲಿ ಸಿನ್ಸಿನ್ಯಾಟಿಯ ಕಿಂಗ್ ರೆಕಾರ್ಡ್ಸ್ ಸೇರಿದಾಗ ಅದರ ಮಾಲೀಕ ಸಿಡ್ ನೇಥನ್, ಬೇರೆ ತಂಡಗಳಲ್ಲಿಲ್ಲದ ದನಿ ಬೇಕೆಂದು ಗಿಟಾರಿಗೆ ಜಾಗ ಕೊಡಿಸಿದರು. ಅದೇ ಕಂಪನಿಗೆ ಹಿಂದೆ ಡೆಲ್ಮೋರ್ ಸಹೋದರರ ಗಿಟಾರ್ ಹಾಡುಗಳು ಚೆನ್ನಾಗಿ ಮಾರಾಟವಾಗಿದ್ದವು. ಮೊದಲು ಬಿಲ್ ನೇಪಿಯರ್ ಆ ಗಿಟಾರ್ ನುಡಿಸಿದರು, ಆಮೇಲೆ ಅದು ಶಫ್ಲರ್ ಕೈಗೆ ಬಂತು. ಅಷ್ಟರಲ್ಲಿ ರಾಕ್ ಅಂಡ್ ರೋಲ್ ಅಲೆಗೆ ಸಿಕ್ಕಿ ಹಳ್ಳಿಸಂಗೀತದ ತಂಡಗಳ ಆದಾಯ ಇಳಿದಿತ್ತು. ಎಷ್ಟೋ ಪ್ರದರ್ಶನಗಳಿಗೆ ಕಾರ್ಟರ್, ರಾಲ್ಫ್, ಶಫ್ಲರ್ ಮೂವರೇ ಹೋಗುತ್ತಿದ್ದರು. ಪಿಟೀಲಿಲ್ಲ, ಮ್ಯಾಂಡೊಲಿನ್ ಇಲ್ಲ.

ಸ್ಟ್ಯಾನ್ಲಿ ಸಹೋದರರ ಹಾಡುಗಳಲ್ಲಿ ವಿಳಂಬದವು ಬಹಳ. ಸಾವು, ಅಗಲಿಕೆ, ತಾಯಿ, ದೇವರು. ಇಂಥ ಹಾಡಿನ ಎರಡು ಸಾಲುಗಳ ನಡುವೆ ಗಾಯಕ ಉಸಿರು ತೆಗೆದುಕೊಳ್ಳುವಾಗ ಗಿಟಾರಿನಲ್ಲಿ ಒಂದೊಂದೇ ಸ್ವರ ಮೀಟಿದರೆ ನಡುನಡುವೆ ಖಾಲಿ ಉಳಿಯುತ್ತದೆ. ಮ್ಯಾಂಡೊಲಿನ್ನಾದರೆ ಒಂದೇ ಸ್ವರವನ್ನು ನಡುಗಿಸುತ್ತ ಎಳೆಯಬಹುದು; ಗಿಟಾರಿನಲ್ಲಿ ಅದು ಅಷ್ಟು ಒಪ್ಪುವುದಿಲ್ಲ. ಆ ಖಾಲಿಯನ್ನು ತುಂಬಲು ಶಫ್ಲರ್ ಮೂರು ತಂತಿಗಳ ಸುರುಳಿ ಕಟ್ಟಿದರು. ಅವರ ಕ್ರಮ ಜೆಸ್ಸಿಯದಕ್ಕಿಂತ ಬೇರೆ: ದಪ್ಪ ತಂತಿ ಕೆಳಕ್ಕೆ, ಅದೇ ಎಳೆತದಲ್ಲಿ ನಡುತಂತಿಯೂ ಕೆಳಕ್ಕೆ, ತೆಳ್ಳನೆಯದು ಮೇಲಕ್ಕೆ. ಪ್ರತಿ ಮೂರರ ಗುಂಪೂ ಕೆಳಮುಖದ ಭಾರದ ಮೀಟಿನಿಂದ ಶುರುವಾಗುವುದರಿಂದ ಹಾಡಿನ ರಾಗ ದಪ್ಪ ತಂತಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಉಳಿದೆರಡು ತಂತಿಗಳು ಅದರ ಹಿಂದೆ ಮಿನುಗುತ್ತವೆ. ಕಾರ್ಡ್ (ಸ್ವರಮೇಳ) ಹಿಡಿದ ಎಡಗೈಯನ್ನು ಎತ್ತದಿದ್ದರೆ ಗಿಟಾರಿನ ತಂತಿಗಳ ಅನುರಣನ ಒಂದರ ಮೇಲೊಂದು ಹರಡಿಕೊಳ್ಳುತ್ತದೆ. ಮ್ಯಾಂಡೊಲಿನ್ನಿನಲ್ಲಿ ಸ್ವರ ಬೇಗ ಆರಿಹೋಗುವುದರಿಂದ ಅದೇ ಸುರುಳಿ ಬಿಡಿಬಿಡಿಯಾಗಿ, ಕಾಳು ಉದುರಿದ ಹಾಗೆ ಕೇಳುತ್ತದೆ. ಒಂದೇ ತಂತ್ರ ಎರಡು ವಾದ್ಯಗಳಲ್ಲಿ ಎರಡು ಸ್ವಭಾವ ಪಡೆದದ್ದು ಹೀಗೆ.

ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. 1960ರ ದಶಕದಲ್ಲಿ ಕಲಿಯಬಯಸಿದವರ ಪಾಲಿಗೆ ಗುರುವೆಂದರೆ ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆ. ಆ ಕಾಲದ ಎಷ್ಟೋ ರೆಕಾರ್ಡ್ ಪ್ಲೇಯರುಗಳಲ್ಲಿ ನಿಮಿಷಕ್ಕೆ 16 ಮತ್ತು ಮೂರನೇ ಎರಡು ಸುತ್ತಿನ ವೇಗವೂ ಇತ್ತು. ಅದು ಎಲ್‌ಪಿ ತಟ್ಟೆಯ 33 ಮತ್ತು ಮೂರನೇ ಒಂದರ ಸರಿಯಾಗಿ ಅರ್ಧ. ಆ ವೇಗಕ್ಕೆ ಇಟ್ಟರೆ ಹಾಡು ಅರ್ಧ ನಿಧಾನವಾಗುತ್ತದೆ, ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಸ್ವರಗಳ ಹೆಸರು ಮಾತ್ರ ಬದಲಾಗುವುದಿಲ್ಲ. ಸೂಜಿಯನ್ನು ಎತ್ತಿ ಎತ್ತಿ ಹಿಂದಕ್ಕಿಟ್ಟು ಒಂದು ತಲೆಮಾರು ಹೀಗೇ ಕಲಿತಿತು. ಆದರೆ ತಟ್ಟೆಯಿಂದ ಸ್ವರ ತಿಳಿಯುತ್ತದೆ, ಪಿಕ್ಕಿನ ದಿಕ್ಕು ತಿಳಿಯುವುದಿಲ್ಲ. ಕೇಳಿ ಕಲಿತ ಬಹಳ ಜನ ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ ಎಂಬ ತಮಗೆ ಗೊತ್ತಿದ್ದ ಸಾದಾ ಕ್ರಮದಲ್ಲೇ ಅದನ್ನು ನುಡಿಸಲು ಹೊರಟರು. ಹಾಗೆ ನುಡಿಸಿದರೆ ಮೊದಲ ಗುಂಪಿನ ಒತ್ತು ಕೆಳಮೀಟಿಗೂ ಎರಡನೆಯದರ ಒತ್ತು ಮೇಲ್ಮೀಟಿಗೂ ಬೀಳುತ್ತದೆ. ಕಷ್ಟ ಹೆಚ್ಚು, ಆದರೆ ವೇಗದ ಓಟದ ನಡುವೆ ಸುರುಳಿಗೆ ಹೊಕ್ಕು ಮತ್ತೆ ಹೊರಬರಲು ಕೈಯ ಕ್ರಮ ಬದಲಿಸಬೇಕಿಲ್ಲ. ಈ ಮೂರು ಕ್ರಮಗಳಲ್ಲಿ ಯಾವುದು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ವಿಳಂಬದ ಹಾಡಿಗೆ ಶಫ್ಲರ್ ಕ್ರಮದ ತೂಕಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂಬುದಂತೂ ಹಳೆಯ ಕಿಂಗ್ ಮುದ್ರಣಗಳನ್ನು ಮನಸ್ಸಿಟ್ಟು ಕೇಳಿದವರಿಗೆ ಮನವರಿಕೆಯಾಗುತ್ತದೆ.

ಈ ತಂತ್ರ ಬೆಟ್ಟಸೀಮೆ ದಾಟಿ ಪಶ್ಚಿಮ ತೀರಕ್ಕೆ ಹೋದದ್ದು ಕ್ಲಾರೆನ್ಸ್ ವೈಟ್ ಕೈಯಲ್ಲಿ. 1944ರಲ್ಲಿ ಹುಟ್ಟಿದ ಕ್ಲಾರೆನ್ಸ್ ಅವರ ಕುಟುಂಬ ಮೇನ್ ರಾಜ್ಯದಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದಿತ್ತು. ಲಾಸ್ ಏಂಜಲೀಸ್‌ನ 'ಆಶ್ ಗ್ರೋವ್' ಸಂಗೀತ ಕ್ಲಬ್ಬಿನಲ್ಲಿ ಅವರು ಡಾಕ್ ವಾಟ್ಸನ್ ಅವರನ್ನು ಹತ್ತಿರದಿಂದ ಕೇಳಿದರು. ಡಾಕ್ ನಾರ್ತ್ ಕ್ಯಾರೊಲೈನಾದ ಡೀಪ್ ಗ್ಯಾಪ್ ಹಳ್ಳಿಯ ಅಂಧ ಕಲಾವಿದರು. ಪಿಟೀಲಿನ ಕುಣಿತದ ಮಟ್ಟುಗಳನ್ನು ಗಿಟಾರಿನಲ್ಲಿ ನೀರು ಕುಡಿದಂತೆ ನುಡಿಸುತ್ತಿದ್ದವರು. ಡಾಕ್ ಅವರಿಂದ ಓಟವನ್ನೂ ಶಫ್ಲರ್ ಅವರಿಂದ ಸುರುಳಿಯನ್ನೂ ತೆಗೆದುಕೊಂಡ ಕ್ಲಾರೆನ್ಸ್ 1964ರ 'ಅಪಲೇಷಿಯನ್ ಸ್ವಿಂಗ್' ಎಲ್‌ಪಿಯಲ್ಲಿ ಒತ್ತನ್ನು ಯಾರೂ ನಿರೀಕ್ಷಿಸದ ಕಡೆ ಇಡತೊಡಗಿದರು. ಸುರುಳಿಯ ಮೊದಲ ಸ್ವರವನ್ನು ನುಂಗಿಬಿಡುವುದು, ಮೂರರ ಗುಂಪನ್ನು ಅರ್ಧದಲ್ಲಿ ಮುರಿಯುವುದು, ಮತ್ತೆ ಸರಿಯಾಗಿ ತಾಳಕ್ಕೆ ಬಂದು ಇಳಿಯುವುದು. ಮುಂದೆ 'ಬರ್ಡ್ಸ್' ರಾಕ್ ತಂಡ ಸೇರಿದ ಅವರು 1973ರ ಜುಲೈಯಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಕುಡಿದು ಕಾರು ಓಡಿಸುತ್ತಿದ್ದವರೊಬ್ಬರ ವಾಹನಕ್ಕೆ ಸಿಕ್ಕಿ ತೀರಿಕೊಂಡರು. ಅವರು ನುಡಿಸುತ್ತಿದ್ದ 1935ರ ಮಾರ್ಟಿನ್ ಡಿ-28 ಗಿಟಾರ್ ಎರಡು ವರ್ಷದ ಮೇಲೆ ಟೋನಿ ರೈಸ್ ಕೈ ಸೇರಿತು. ಬಾಲ್ಯದಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಕ್ಲಾರೆನ್ಸ್ ವಾದನ ಕೇಳಿ ಮರುಳಾಗಿದ್ದ ಹುಡುಗ ಅವರು. ಇಂದಿನ ಬ್ಲೂಗ್ರಾಸ್ ಗಿಟಾರ್ ವಾದಕರಲ್ಲಿ ರೈಸ್ ಪ್ರಭಾವಕ್ಕೆ ಒಳಗಾಗದವರನ್ನು ಹುಡುಕುವುದು ಕಷ್ಟ.

ಮ್ಯಾಂಡೊಲಿನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಯು. ಶ್ರೀನಿವಾಸ್. ಅವರ ಸಾಧನೆಯ ದಿಕ್ಕೇ ಬೇರೆ. ಜೋಡಿ ತಂತಿಗಳನ್ನು ಬಿಟ್ಟು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಅವರು ಎಡಗೈಯಿಂದ ಗಮಕ ತೆಗೆದರು. ಜೆಸ್ಸಿ ಆ ಜೋಡಿ ತಂತಿಗಳನ್ನೇ ಇಟ್ಟುಕೊಂಡು ಹೆಚ್ಚಿನ ಬುದ್ಧಿಯನ್ನು ಬಲಗೈಗೆ ಕೊಟ್ಟರು.

ಕಲಿಕೆಯ ದಾರಿ ಈಗ ಬಹುಮಟ್ಟಿಗೆ ಗೊತ್ತುಪಡಿಸಿದಂತಾಗಿದೆ. ಮೊದಲು ಎಡಗೈ ಬಿಟ್ಟು ಬರಿಯ ತಂತಿಗಳ ಮೇಲೆ ಬಲಗೈ ಅಭ್ಯಾಸ, ಮೆಟ್ರೊನೋಮ್ ಇಟ್ಟುಕೊಂಡು, ಬೇಸರ ಬರುವಷ್ಟು ನಿಧಾನಕ್ಕೆ. ಆಮೇಲೆ ಜಿ, ಸಿ, ಡಿ ಕಾರ್ಡುಗಳನ್ನು ಬದಲಿಸುತ್ತ ಅದೇ ಸುರುಳಿ. ಕಾರ್ಡ್ ಬದಲಾಗುವ ಕ್ಷಣದಲ್ಲೇ ಕೈ ತಡವರಿಸುವುದರಿಂದ ಆ ಸಂಧಿಯೊಂದನ್ನೇ ಮತ್ತೆ ಮತ್ತೆ ಉಜ್ಜಬೇಕು. ಮೂರನೆಯ ಹಂತದಲ್ಲಿ ಸುರುಳಿಯೊಳಗೆ ಹಾಡನ್ನು ಕೂರಿಸುವುದು. ಕಾರ್ಟರ್ ಕುಟುಂಬದ 'ವೈಲ್ಡ್‌ವುಡ್ ಫ್ಲವರ್' ಇದಕ್ಕೆ ಒಳ್ಳೆಯ ಹಾಡು, ಅದರ ರಾಗ ಬಹುಪಾಲು ದಪ್ಪ ತಂತಿಗಳಲ್ಲೇ ಓಡಾಡುತ್ತದೆ. ಈ ಹಂತದಲ್ಲೇ ಬಹಳ ಮಂದಿ ಸೋಲುತ್ತಾರೆ. ಸುರುಳಿ ಯಂತ್ರದಂತೆ ತಿರುಗುತ್ತಿರುತ್ತದೆ, ಹಾಡು ಅದರಲ್ಲಿ ಮುಳುಗಿಹೋಗಿರುತ್ತದೆ. ಹಾಡಿನ ಸ್ವರಕ್ಕೆ ಒಂದು ತೂಕ, ತುಂಬುವ ಸ್ವರಕ್ಕೆ ಅದಕ್ಕಿಂತ ಕಡಿಮೆ ತೂಕ ಕೊಡಲು ಬಾರದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ. ವೇಗದ ಪ್ರದರ್ಶನಕ್ಕಾಗಿ ಕ್ರಾಸ್‌ಪಿಕಿಂಗ್ ಕಲಿಯಲು ಹೊರಡುವವರು ಗಿಟಾರಿನಲ್ಲಿ ಅದು ಹುಟ್ಟಿದ್ದು ಹಾಡುಗಾರರ ಉಸಿರಿನ ಸಂದು ತುಂಬಲು ಎಂಬುದನ್ನು ನೆನಪಿಟ್ಟುಕೊಂಡರೆ ಅರ್ಧ ದಾರಿ ಕ್ರಮಿಸಿದಂತೆ.

ಬ್ರಿಸ್ಟಲ್‌ಗೆ ಹತ್ತಿರದ ಜಾನ್ಸನ್ ಸಿಟಿಯ ಈಸ್ಟ್ ಟೆನ್ನೆಸ್ಸೀ ಸ್ಟೇಟ್ ಯೂನಿವರ್ಸಿಟಿಯಲ್ಲಿ 1982ರಿಂದ ಬ್ಲೂಗ್ರಾಸ್ ಒಂದು ಪಠ್ಯವಿಷಯ. ರಾಲ್ಫ್ ಸ್ಟ್ಯಾನ್ಲಿ ತಂಡದಲ್ಲಿ ಶಫ್ಲರ್ ಶೈಲಿಯನ್ನು ಹಾಗೇ ಕಾಪಾಡಿಕೊಂಡು ಬಂದ ಜೇಮ್ಸ್ ಆಲನ್ ಶೆಲ್ಟನ್ 2014ರ ಜೂನ್‌ನಲ್ಲಿ ತೀರಿಕೊಂಡರು. ಶಫ್ಲರ್ ಅದೇ ವರ್ಷದ ಏಪ್ರಿಲ್‌ನಲ್ಲಿ ಹೋಗಿದ್ದರು. ಮೂರು ವರ್ಷದ ಮೇಲೆ, 2017ರಲ್ಲಿ, ಕ್ರಾಸ್‌ಪಿಕಿಂಗಿನಲ್ಲಿ ಪಳಗಿದ ಕೈಯ ಮೋಲಿ ಟಟಲ್ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಗೀತ ಸಂಘದ ವರ್ಷದ ಗಿಟಾರ್ ವಾದಕ ಪ್ರಶಸ್ತಿ ಪಡೆದರು. ಆ ಪ್ರಶಸ್ತಿ ಒಬ್ಬ ಮಹಿಳೆಗೆ ಬಂದದ್ದು ಅದೇ ಮೊದಲು.

ಜೆಸ್ಸಿ ಮೆಕ್‌ರೆನಾಲ್ಡ್ಸ್ ಮಾತ್ರ ಯಾವ ಬೇಲಿಗೂ ಸಿಗದೆ ನುಡಿಸುತ್ತ ಹೋದರು. 1964ರಲ್ಲಿ ಅಣ್ಣನ ಜತೆ ಗ್ರ್ಯಾಂಡ್ ಓಲ್ ಆಪ್ರಿ ಸದಸ್ಯರಾದರು. ಮರುವರ್ಷ ಚಕ್ ಬೆರಿಯ ರಾಕ್ ಹಾಡುಗಳನ್ನು ಬ್ಲೂಗ್ರಾಸ್‌ಗೆ ಒಗ್ಗಿಸಿ ಒಂದು ಇಡೀ ಎಲ್‌ಪಿ ತಂದರು. 1969ರಲ್ಲಿ 'ಡೋರ್ಸ್' ತಂಡದ 'ರನ್ನಿನ್ ಬ್ಲೂ' ಹಾಡಿಗೆ ಮ್ಯಾಂಡೊಲಿನ್ ನುಡಿಸಿದರು. 2002ರ ಕೊನೆಯ ದಿನ ಅಣ್ಣ ಜಿಮ್ ತೀರಿಕೊಂಡ ಮೇಲೂ ತಂಡ ನಡೆಸಿದರು. 2010ರಲ್ಲಿ, ಎಂಬತ್ತು ದಾಟಿದ ಮೇಲೆ, 'ಗ್ರೇಟ್‌ಫುಲ್ ಡೆಡ್' ಹಾಡುಗಳ ಆಲ್ಬಂ ಒಂದನ್ನು ಮಾಡಿದರು. ಅಜ್ಜ 1927ರಲ್ಲಿ ಬ್ರಿಸ್ಟಲ್‌ಗೆ ಒಯ್ದಿದ್ದ ಪಿಟೀಲನ್ನೂ ಜೋಪಾನ ಮಾಡಿ ಇಟ್ಟುಕೊಂಡಿದ್ದರು, ಆಗಾಗ ನುಡಿಸುತ್ತಿದ್ದರು. 2023ರ ಜೂನ್‌ನಲ್ಲಿ ತೊಂಬತ್ಮೂರನೆಯ ವಯಸ್ಸಿಗೆ ಅವರು ತೀರಿಕೊಂಡಾಗ ಆಪ್ರಿಯ ಸದಸ್ಯರಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದರು.