ಉತಾರದಿಂದ ಆ್ಯಪಿನವರೆಗೆ: ಹಿರೇಕೆರೂರು ಸೀಮೆಯ ಅಂತರ್ಜಾಲ

ಅಂತರ್ಜಾಲದ ಚರಿತ್ರೆಯನ್ನು 1969ರ ಅರ್ಪಾನೆಟ್‌ನಿಂದ ಶುರುಮಾಡುವುದು ವಾಡಿಕೆ. ಅಲ್ಲಿಂದ 1983ರ ಟಿಸಿಪಿ/ಐಪಿ, 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ವೆಬ್ ಯೋಜನೆ. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಐಐಟಿಗಳನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೂ ಜೋಡಿಸಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೂ ಸಂಪರ್ಕ ಕೊಟ್ಟಿತು. ಆಗಿನ್ನೂ ಹಿರೇಕೆರೂರು ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ಈ ಸೀಮೆಯ ರೈತನಿಗೆ ಮಾತ್ರ ಕಥೆ ಶುರುವಾಗುವುದು ತಹಶೀಲ್ದಾರ್ ಕಚೇರಿಯ ಕಿಟಕಿಯಲ್ಲಿ. ಉತಾರ, ಅಂದರೆ ಪಹಣಿ ಬೇಕೆಂದರೆ ತಲಾಟಿಯನ್ನು (ಗ್ರಾಮ ಲೆಕ್ಕಿಗನನ್ನು) ಹುಡುಕಿಕೊಂಡು ಅಲೆಯಬೇಕಿದ್ದ ಕಾಲವದು. 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ 15 ರೂಪಾಯಿ ಕೊಟ್ಟರೆ ಅಲ್ಲೇ ಮುದ್ರಿತ ಪ್ರತಿ ಸಿಗುತ್ತಿತ್ತು. ಕಿಟಕಿಯ ಈಚೆಗೆ ಮುಖಮಾಡಿದ ಇನ್ನೊಂದು ಪರದೆಯಿತ್ತು. ತನ್ನ ಸರ್ವೆ ನಂಬರು, ಹೆಸರು, ಎಕರೆ-ಗುಂಟೆ ಕನ್ನಡದಲ್ಲೇ ಮೂಡುವುದನ್ನು ರೈತ ನಿಂತಲ್ಲೇ ನೋಡಬಹುದಿತ್ತು. ಆ ಎರಡನೆಯ ಪರದೆಯನ್ನು ನಾನು ದೊಡ್ಡ ಹೆಜ್ಜೆಯೆಂದೇ ಎಣಿಸುತ್ತೇನೆ. ಆರಂಭದಲ್ಲಿ ಅದು ಅಂತರ್ಜಾಲವೇನೂ ಅಲ್ಲ, ದಾಖಲೆ ತಾಲ್ಲೂಕಿನ ಯಂತ್ರದಲ್ಲೇ ಇರುತ್ತಿತ್ತು. ಆದರೂ ಪರದೆಯನ್ನು ನಂಬುವ ರೂಢಿ ಬಂದದ್ದು ಅಲ್ಲಿಂದಲೇ. ಮುಂದೆ ನೆಮ್ಮದಿ ಕೇಂದ್ರಗಳು ಆ ಕಿಟಕಿಯನ್ನು ಹೋಬಳಿಗೆ ತಂದವು.

ಅಷ್ಟರಲ್ಲಿ ಕನ್ನಡ ತನ್ನದೇ ಹಾದಿ ಮಾಡಿಕೊಳ್ಳುತ್ತಿತ್ತು. 1996ರಲ್ಲಿ ಯು.ಬಿ. ಪವನಜರ 'ವಿಶ್ವ ಕನ್ನಡ' ಅಂತರ್ಜಾಲ ಪತ್ರಿಕೆ, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ', ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರಲ್ಲಿ. ಒಬ್ಬರು ಬರೆದ ಕಡತ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗುತ್ತಿದ್ದ ಕಾಟ ಯೂನಿಕೋಡ್ ಬಳಕೆ ಹಬ್ಬಿದ ಮೇಲೇ ತಗ್ಗಿತು. ಇವರ ದುಡಿಮೆ ಇಲ್ಲದಿದ್ದರೆ ಮುಂದೆ ಬಂದ ಅಗ್ಗದ ಫೋನು ಹಳ್ಳಿಯಲ್ಲಿ ಬರೀ ವಿಡಿಯೊ ನೋಡುವ ಪೆಟ್ಟಿಗೆಯಾಗಿ ಉಳಿಯುತ್ತಿತ್ತು.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿದ್ದರೂ, ಜನರ ಕೈಗೆ ಅಂತರ್ಜಾಲ ಬಂದದ್ದು ನಿಸ್ತಂತುವಾಗಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಬಳಿಕ ಡೇಟಾ ದರ ಕುಸಿಯಿತು.

2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪನ್ನು ಸರ್ಕಾರ ರೈತರಿಗೇ ಕೊಟ್ಟಿತು. ಗೋವಿನಜೋಳದ ಹೊಲದಲ್ಲಿ ನಿಂತು, ಸರ್ವೆ ನಂಬರು ಆರಿಸಿ, ಜಿಪಿಎಸ್ ಸಮೇತ ಬೆಳೆಯ ಫೋಟೊ ತೆಗೆಯಬೇಕು. ಹಿಂದೆ ತಲಾಟಿ ಬರೆಯುತ್ತಿದ್ದ ಬೆಳೆಯ ವಿವರವನ್ನು ರೈತ ತಾನೇ ದಾಖಲಿಸುವಂತಾಯಿತು. ಬಳಕೆದಾರ ಎಂಬ ಹೆಸರಿಗೆ ಅವನು ನಿಜಕ್ಕೂ ಅರ್ಹನಾದದ್ದು ಆಗ ಎಂದು ನನ್ನ ಎಣಿಕೆ. ಎಲ್ಲರೂ ಆಗಿಲ್ಲ ಎಂಬುದೂ ಅಷ್ಟೇ ನಿಜ. ಆಧಾರ್‌ಗೆ ಜೋಡಿಸಿದ ನಂಬರು ಬೆಂಗಳೂರಿನಲ್ಲಿ ದುಡಿಯುವ ಮಗನದಾಗಿದ್ದರೆ, ಒಟಿಪಿ ಅವನಿಗೆ ಹೋಗುತ್ತದೆ. ಅವನು ಫೋನ್ ಎತ್ತುವವರೆಗೂ ತಾಯಿ ಗ್ರಾಮ ಒನ್ ಕೇಂದ್ರದಲ್ಲಿ ಕಾಯಬೇಕು.